ಬೆಕ್ಕಿನ ಕೂದಲಿನ ಮೀಸೆ

ಮೊನ್ನೆ ರಾತ್ರಿ ಒಂದೂವರೆ ಗಂಟೆಯಲ್ಲಿ ನಾನು ಬೆಕ್ಕೊಂದರ ಮೈಯಿಂದ ಕೂದಲು ಕೀಳುವ ಉಪಾಯ ಹುಡುಕುತ್ತಾ ಕೂತಿದ್ದೆ. ನೀರು ಕುಡಿಯಲು ಎದ್ದ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ ಮಾಡ್ತಿದ್ದೀರಾ ಈ ಹೊತ್ನಲ್ಲಿ?" ಅಂದಳು.

"ಮೀಸೆ ಮಾಡ್ಬೇಕು ಕಣೆ."

"ಯಾರಿಗೆ?"

"ಒಬ್ಬ ಪತ್ತೇದಾರನಿಗೆ."

ಅವಳು ಏನೂ ಹೇಳಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದ ಹೆಂಗಸರು ಇಂಥ ಹೊತ್ತಿನಲ್ಲಿ ಏನೂ ಹೇಳುವುದಿಲ್ಲ. ಹಾಲಿನ ಲೈಟು ಆರಿಸಿ ಹೋಗುತ್ತಾರೆ. ಹೇಳಬೇಕಾದದ್ದೆಲ್ಲ ಆ ಸ್ವಿಚ್ಚಿನ ಸದ್ದಿನಲ್ಲೇ ಇರುತ್ತದೆ.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ. 1999ರಲ್ಲಿ ಬಂದ 'ಗೇಬ್ರಿಯಲ್ ನೈಟ್ 3' ಅಂತ ಒಂದು ಗೇಮು. ಅದರ ನಾಯಕ ಗೇಬ್ರಿಯಲ್, ಫ್ರಾನ್ಸಿನ ರೆನ್-ಲೆ-ಶಾತೋ ಎಂಬ ಗುಡ್ಡದ ಮೇಲಿನ ಊರಿಗೆ ಬಂದಿದ್ದಾನೆ. ಓಡಾಡಲು ಬಾಡಿಗೆಗೊಂದು ಬೈಕು ಬೇಕು. ಬೈಕು ಇವನ ಸ್ನೇಹಿತನ ಹೆಸರಿನಲ್ಲಿದೆ. ಸ್ನೇಹಿತನನ್ನೇ ಕೇಳಬಹುದಿತ್ತು, ಆದರೆ ಕೇಳುವವನು ಈ ಜಾತಿಯ ಗೇಮಿಗೆ ನಾಯಕನೇ ಆಗುವುದಿಲ್ಲ. ಸ್ನೇಹಿತನ ಪಾಸ್‌ಪೋರ್ಟು ಕದಿಯಬೇಕು, ಅವನ ಕೋಟು ಹಾರಿಸಬೇಕು, ತಲೆಗೊಂದು ಟೋಪಿ ಹೊಂದಿಸಬೇಕು. ಆಮೇಲೆ ಶೆಡ್ಡಿನ ಬಾಗಿಲಿನ ತೂತಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರು ಚಿಮುಕಿಸಿ ಓಡಿಸಿದರೆ, ಅದು ತೂತಿನಲ್ಲಿ ನುಗ್ಗುವಾಗ ಕೂದಲು ಪಟ್ಟಿಗೆ ಅಂಟಿಕೊಳ್ಳುತ್ತದೆ. ಅದನ್ನು ಮೇಪಲ್ ಸಿರಪ್ಪಿನಿಂದ ಮೂಗಿನ ಕೆಳಗೆ ಮೆತ್ತಿಕೊಂಡರೆ ಮೀಸೆ ತಯಾರು. ಇಷ್ಟೆಲ್ಲ ಆದ ಮೇಲೆ ತಮಾಷೆ ಕೇಳಿ: ಆ ಸ್ನೇಹಿತನಿಗೆ ಮೀಸೆಯೇ ಇಲ್ಲ! ಆದ್ದರಿಂದ ಅವನ ಪಾಸ್‌ಪೋರ್ಟಿನ ಫೋಟೋಗೆ ಮಾರ್ಕರ್ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಆರ್‌ಟಿಓ ಆಫೀಸಿನ ಎದುರು ಛತ್ರಿ ಹಾಕಿಕೊಂಡು ಕೂರುವ ಏಜೆಂಟರು ಕೂಡ ಇಂಥ ಕೇಸು ಹಿಡಿಯುವುದಿಲ್ಲ ಸ್ವಾಮಿ.

ಎರಿಕ್ ವೋಲ್ಪಾ ಎಂಬ ಬರಹಗಾರ 2000ದಲ್ಲಿ ಇದೇ ಮೀಸೆಯನ್ನು ಹಿಡಿದೆಳೆದು, ಈ ಬಗೆಯ ಗೇಮುಗಳನ್ನು ಹೊರಗಿನವರು ಯಾರೂ ಕೊಲ್ಲಲಿಲ್ಲ, ತಾವಾಗಿಯೇ ಆತ್ಮಹತ್ಯೆ ಮಾಡಿಕೊಂಡವು ಎಂದು ಲೇವಡಿ ಮಾಡಿದ. ಅಂತ್ಯಕ್ರಿಯೆ ಆಗಿ ಕಾಲು ಶತಮಾನವಾಯಿತು. ನಾನಿನ್ನೂ ಬೆಕ್ಕಿನ ಹಿಂದೆ ಓಡುತ್ತಿದ್ದೇನೆ.

ಈ ಗೇಮುಗಳ ಪರಿಚಯವಿಲ್ಲದವರಿಗೆ ಎರಡು ಮಾತು. ಇವುಗಳ ಹೆಸರು ಪಾಯಿಂಟ್ ಅಂಡ್ ಕ್ಲಿಕ್, ಎಂದರೆ ಮೌಸಿನಿಂದ ತೋರಿಸು, ಒತ್ತು, ಅಷ್ಟೇ. ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಒಂದು ಕೋಣೆ, ಅದರಲ್ಲಿ ಹತ್ತು ಸಾಮಾನು, ಒಂದು ಬೀಗ ಹಾಕಿದ ಬಾಗಿಲು. ಸಿಕ್ಕಿದ್ದನ್ನೆಲ್ಲ ಜೇಬಿಗೆ ತುಂಬು, ಇದನ್ನು ಅದಕ್ಕೆ ಸೇರಿಸು, ಎದುರು ಬಂದವರನ್ನೆಲ್ಲ ಮಾತಾಡಿಸು. ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಸೀಡಿಯಲ್ಲಿ ಇಂಥದೊಂದರ ತುಣುಕು ಸಿಕ್ಕಿ ನನಗೆ ಈ ಚಟ ಹತ್ತಿತು. ಬಾಲ್ಯದಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಂದು ಪಠ್ಯಪುಸ್ತಕದ ಒಳಗಿಟ್ಟು ಓದಿದವನಿಗೆ, ಪುರುಷೋತ್ತಮನ ಜಾಗದಲ್ಲಿ ತಾನೇ ನಿಲ್ಲಬಹುದು ಎಂದರೆ ಬಿಡಲಾದೀತೇ?

ಆದರೆ ಇಷ್ಟು ವರ್ಷ ಆಡಿದ ಮೇಲೆ ನನಗೆ ಅನುಮಾನ. ಈ ಗೇಮುಗಳ ನಾಯಕ ಪುರುಷೋತ್ತಮನ ವಂಶದವನಲ್ಲ, ನಮ್ಮಮ್ಮನ ವಂಶದವನು.

ನಮ್ಮ ಮನೆಯ ಅಟ್ಟದ ಮೇಲೆ ಏನಿದೆ ಏನಿಲ್ಲ. ಒಂದು ಕಿವಿ ಹೋದ ಬಾಣಲೆ, ಮುಚ್ಚಳವಿಲ್ಲದ ಹಾರ್ಲಿಕ್ಸ್ ಬಾಟಲಿಗಳು, ಬಾಟಲಿಯಿಲ್ಲದ ಮುಚ್ಚಳಗಳು, ಮದುವೆಮನೆ ತಾಂಬೂಲದ ಚೀಲಗಳು, ತೊಳೆದು ಒಣಗಿಸಿ ಮಡಿಸಿದ ಹಾಲಿನ ಕವರು, ಸ್ವೀಟ್ ಬಾಕ್ಸಿಗೆ ಕಟ್ಟಿದ್ದ ದಾರದ ಉಂಡೆ. ಎಸೆಯಲು ಹೋದರೆ ಒಂದೇ ಮಾತು: "ಇರ್ಲಿ ಬಿಡೋ, ಯಾವುದಕ್ಕಾದ್ರೂ ಬರುತ್ತೆ." ಬರುತ್ತದೆ ಕೂಡ, ಅದೇ ಸಂಕಟ. ಕುಕ್ಕರಿನ ಹಿಡಿ ಸಡಿಲಾದ ದಿನ ಅಮ್ಮ ಅಟ್ಟದಿಂದ ಸೈಕಲ್ ಟ್ಯೂಬಿನ ತುಂಡು ಇಳಿಸಿ ಬಿಗಿದದ್ದು ಇವತ್ತಿಗೂ ಅಲ್ಲಾಡಿಲ್ಲ. ನಮ್ಮ ಮನೆಯಲ್ಲಿ ಸೈಕಲ್ ಇದ್ದದ್ದು ಯಾವ ಕಾಲದಲ್ಲಿ ಎಂದು ನನಗೇ ನೆನಪಿಲ್ಲ.

ಈಗ 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ನೋಡಿ. ಕಡಲ್ಗಳ್ಳನಾಗಲು ಹೊರಟ ಗೈಬ್ರಶ್ ಥ್ರೀಪ್‌ವುಡ್ ಎಂಬ ಪೆಕರನಿಗೆ ಅಂಗಡಿಯೊಂದರಲ್ಲಿ ಒಂದು ರಬ್ಬರ್ ಕೋಳಿ ಸಿಗುತ್ತದೆ. ಅದರ ಹೊಟ್ಟೆಯ ನಡುವೆ ರಾಟೆ. ಯಾಕೆ ಅಂತ ಕೇಳಬೇಡಿ. ಮುಂದೆ ಒಂದು ದ್ವೀಪಕ್ಕೆ ಎಳೆದ ಹಗ್ಗ ಸಿಕ್ಕಾಗ ಆ ಕೋಳಿಯನ್ನು ಅದಕ್ಕೆ ಸಿಕ್ಕಿಸಿ ಜರ್ರನೆ ಜಾರುತ್ತಾನೆ. ಅಮ್ಮನಾಗಿದ್ದರೆ ಕೋಳಿ ನೋಡಿದ ಕ್ಷಣವೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಅರ್ಧ ದಿನ ಸುತ್ತಿ, ಅಂಗಡಿಗೆ ವಾಪಸು ಬಂದು ತಗೊಂಡೆ.

ಅದೇ ಗೇಮಿನಲ್ಲಿ ಕತ್ತಿವರಸೆಯೂ ಇದೆ, ಆದರೆ ಗೆಲ್ಲುವುದು ಕತ್ತಿಯಿಂದಲ್ಲ, ಬಾಯಿಯಿಂದ. ಎದುರಾಳಿ ಬೈದದ್ದಕ್ಕೆ ತಕ್ಕ ಮರುಬೈಗುಳ ಕೊಟ್ಟವನು ಒಂದು ಹೆಜ್ಜೆ ಮುಂದೆ, ತೊದಲಿದವನು ಹಿಂದೆ. ಬೈಗುಳ ಬರೆಯಲು ಆರ್ಸನ್ ಸ್ಕಾಟ್ ಕಾರ್ಡ್ ಎಂಬ ಹೆಸರಾಂತ ಕಾದಂಬರಿಕಾರನನ್ನು ಕರೆಸಿದ್ದರಂತೆ ಎಂದು ತಿಳಿದಾಗ ನನಗೆ ನಗು ಬಂತು. ನಾನು ಬೆಳೆದ ವಠಾರದಲ್ಲಿ ಬೆಳಿಗ್ಗೆ ಐದೂವರೆಗೆ ನಲ್ಲಿ ಮುಂದೆ ಬಿಂದಿಗೆ ಸಾಲು ನಿಂತಾಗ ಇದಕ್ಕಿಂತ ಹದವಾದ ಸಂಭಾಷಣೆ ಪುಕ್ಕಟೆ ಕೇಳಿಸುತ್ತಿತ್ತು.

ಇದೆಲ್ಲ ಸರಿ, ಸಹಿಸಿಕೊಂಡೆ. ಸಹಿಸಲಾಗದ್ದು ಮರುವರ್ಷ ಬಂದ ಎರಡನೇ ಭಾಗದ ಕೋತಿ. ಜಲಪಾತದ ಹತ್ತಿರ ಒಂದು ಪಂಪು, ಅದನ್ನು ತಿರುಗಿಸಬೇಕು. ಎಲ್ಲ ದ್ವೀಪ ಸುತ್ತಿದೆ, ಎಲ್ಲ ಸಾಮಾನು ತಾಗಿಸಿ ನೋಡಿದೆ, ಆಗಲಿಲ್ಲ. ಉತ್ತರ ಏನು ಗೊತ್ತೆ? ಇನ್ನೊಂದು ದ್ವೀಪದ ಹೆಂಡದಂಗಡಿಯಲ್ಲಿ ಪಿಯಾನೋ ನುಡಿಸುವ ಕೋತಿಯೊಂದಿದೆ. ತಾಳದ ಯಂತ್ರದ ಮೇಲೆ ಬಾಳೆಹಣ್ಣಿಟ್ಟರೆ ಅದು ಆಡುವುದನ್ನೇ ನೋಡುತ್ತಾ ಕೋತಿ ಮೈಮರೆತು ಸೆಟೆದು ನಿಲ್ಲುತ್ತದೆ. ಅದನ್ನು ಎತ್ತಿ ಕೋಟಿನೊಳಗೆ ಹಾಕಿಕೊಂಡು ಬಂದು ಪಂಪಿಗೆ ಸಿಕ್ಕಿಸಿ ತಿರುಗಿಸಬೇಕು! ಕಾರಣ, ಅಮೆರಿಕದಲ್ಲಿ ಒಂದು ಬಗೆಯ ಸ್ಪ್ಯಾನರಿಗೆ 'ಮಂಕಿ ರೆಂಚ್' ಎನ್ನುತ್ತಾರೆ. ನಮ್ಮ ಕಡೆ ಗ್ಯಾರೇಜಿನಲ್ಲಿ ಅದು ಪಾನ, ಇಲ್ಲ ಸ್ಪ್ಯಾನರ್. ಕೋತಿ ಎಲ್ಲಿಂದ ಬರಬೇಕು? ಇದು ಬುದ್ಧಿಯ ಪರೀಕ್ಷೆಯಲ್ಲ, ಅಮೆರಿಕದಲ್ಲಿ ಹುಟ್ಟಿದ್ದೀಯಾ ಎಂಬ ಪರೀಕ್ಷೆ. ನಾಳೆ ಕನ್ನಡದಲ್ಲೊಂದು ಗೇಮು ಮಾಡಿ, ಕಾಲಿನ ಆಣಿ ಕೀಳಲು ಸುತ್ತಿಗೆ ತಂದವನಿಗೆ ಮಾತ್ರ ಮುಂದಿನ ಬಾಗಿಲು ತೆರೆಯುವಂತೆ ಇಟ್ಟರೆ ಈ ಕೋತಿ ಇಟ್ಟ ಮಹನೀಯರು ಏನು ಮಾಡುತ್ತಾರೋ ನೋಡಬೇಕು.

ಒಂದು ನ್ಯಾಯದ ಮಾತು ಹೇಳದಿದ್ದರೆ ಪಾಪ ಬರುತ್ತದೆ. ಮಂಕಿ ಐಲೆಂಡಿನ ರಾನ್ ಗಿಲ್ಬರ್ಟ್, ಅದನ್ನು ಮಾಡುವ ಮುಂಚೆಯೇ, 1989ರಲ್ಲಿ, ಈ ಗೇಮುಗಳು ಯಾಕೆ ತಲೆನೋವು ತರುತ್ತವೆ ಎಂದು ಒಂದು ಲೇಖನವನ್ನೇ ಬರೆದಿದ್ದ. ಆಡುವವನನ್ನು ಸುಮ್ಮಸುಮ್ಮನೆ ಕೊಲ್ಲಬೇಡಿ ಎಂಬುದು ಅವನ ವಾದ. ಆಗ ಸಿಯೆರಾ ಕಂಪನಿಯ ಗೇಮುಗಳಲ್ಲಿ ಮೆಟ್ಟಿಲು ಇಳಿಯುವಾಗ ಕಾಲು ಅರ್ಧ ಇಂಚು ಆಚೆ ಬಿದ್ದರೂ ಸಾವು. 1990ರ 'ಕಿಂಗ್ಸ್ ಕ್ವೆಸ್ಟ್ 5' ಆಡಿದವರಿಗೆ ಕಡುಬಿನ ಕಥೆ ಗೊತ್ತು. ರಾಜನಿಗೆ ಹಸಿವು, ಕೈಯಲ್ಲೊಂದು ಸಿಹಿಕಡುಬು. ಹಸಿದವನು ಕಡುಬು ತಿನ್ನದೆ ಇನ್ನೇನು ಮಾಡಬೇಕು? ತಿಂದಿರೋ, ಕೆಟ್ಟಿರಿ. ಎಷ್ಟೋ ಹೊತ್ತಿನ ಮೇಲೆ ಹಿಮದ ಗುಡ್ಡದಲ್ಲಿ ಒಂದು ರಾಕ್ಷಸ ಎದುರಾಗುತ್ತದೆ. ಅದರ ಮುಖಕ್ಕೆ ಎಸೆಯಬೇಕಿದ್ದದ್ದು ಅದೇ ಕಡುಬು. ತಿಂದು ಸೇವ್ ಮಾಡಿಕೊಂಡಿದ್ದರೆ ಮತ್ತೆ ಮೊದಲಿಂದ. ಗಣೇಶನ ಹಬ್ಬದಲ್ಲಿ ನೈವೇದ್ಯಕ್ಕೆ ಮುಂಚೆ ಕಡುಬಿಗೆ ಕೈ ಹಾಕಿದಾಗ ಅಜ್ಜಿ ಕೊಟ್ಟ ಮೊಟಕಿಗೆ ಅರ್ಥವಿತ್ತು ಎಂದು ಅವತ್ತು ತಿಳಿಯಿತು.

ಪತ್ತೇದಾರಿ ಗೇಮುಗಳಿಗೆ ಬರೋಣ. ಇಲ್ಲಿ ನನ್ನ ತಕರಾರು ಬೇರೆ. ಹಳೆಯ ಗೇಮುಗಳಲ್ಲಿ ನನಗೆ ಏನೂ ಹೊಳೆಯುತ್ತಿರಲಿಲ್ಲ, ಇವುಗಳಲ್ಲಿ ಹೊಳೆದದ್ದನ್ನು ಹೇಳಲು ಬಿಡುವುದಿಲ್ಲ. ಎಷ್ಟೋ ಕಡೆ ಪತ್ತೇದಾರಿಕೆ ಎಂದರೆ ಭೂತಗನ್ನಡಿ ಹಿಡಿದು ಹೊಳೆಯುವ ಜಾಗವನ್ನೆಲ್ಲ ಒತ್ತುವುದು. ಆರು ಜಾಗ ಒತ್ತಿದ ಮೇಲೆ ಹೋಮ್ಸ್ ತಾನೇ "ಗೊತ್ತಾಯಿತು!" ಎನ್ನುತ್ತಾನೆ. ಗೊತ್ತಾದದ್ದು ಅವನಿಗೆ, ನನಗಲ್ಲ. ನಾನು ಅವನ ಬ್ಯಾಗು ಹಿಡಿದುಕೊಂಡವನು. ವ್ಯಾಟ್ಸನ್ ಆದರೂ ಹೇಗಿದ್ದಾನೆ? ಹೋಮ್ಸ್ ಮತ್ತು ಆರ್ಸೆನ್ ಲೂಪಿನ್ ಎಂಬ ಕಳ್ಳ ಎದುರುಬದುರಾಗುವ 2007ರ ಗೇಮಿನಲ್ಲಿ ವ್ಯಾಟ್ಸನ್ ನಡೆಯುವುದೇ ಇಲ್ಲ. ನೀವು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಪ್ರತ್ಯಕ್ಷ, ಮುಖದಲ್ಲಿ ಅದೇ ಕಲ್ಲುನೋಟ. ಕಳ್ಳನಿಗಿಂತ ವ್ಯಾಟ್ಸನ್ನಿಗೇ ನಾನು ಹೆಚ್ಚು ಹೆದರಿದ್ದು.

2011ರ 'ಎಲ್.ಎ. ನ್ವಾರ್' ಬಂದಾಗ ನಟರ ಮುಖದ ಒಂದೊಂದು ನರದ ಅಲುಗಾಟವನ್ನೂ ಹಿಡಿದಿದ್ದೇವೆ, ಮುಖ ನೋಡಿ ಸುಳ್ಳು ಪತ್ತೆ ಹಚ್ಚಿ ಎಂದರು. ಸರಿ, ಗಂಡ ಕಾಣೆಯಾದ ಹೆಂಗಸೊಬ್ಬಳ ಮುಖ ನೋಡಿದೆ. ಯಾಕೋ ಚೂರು ಅನುಮಾನ. 'ಅನುಮಾನ' ಎಂಬ ಗುಂಡಿಯನ್ನೇ ಒತ್ತಿದೆ. "ಅಲ್ಲಮ್ಮಾ, ಸ್ವಲ್ಪ ಸರಿಯಾಗಿ ನೆನಪು ಮಾಡ್ಕೊಳ್ಳಿ" ಅಂತ ಕೇಳುತ್ತಾನೆ ಅಂದುಕೊಂಡರೆ, ಕೋಲ್ ಫೆಲ್ಪ್ಸ್ ಎಂಬ ಆ ಪೊಲೀಸಪ್ಪ ಏಕಾಏಕಿ ಎದ್ದು ಕಿರುಚಾಡಿದ! ಪಕ್ಕದ ಕೋಣೆಯಿಂದ ಮಗಳು ಓಡಿ ಬಂದಳು.

ಇದಕ್ಕಿಂತ ಜಪಾನಿನವರೇ ವಾಸಿ. 2001ರಲ್ಲಿ ಬಂದ ಫೀನಿಕ್ಸ್ ರೈಟ್ ಎಂಬ ವಕೀಲನ ಗೇಮು ನಿಜ ಕೋರ್ಟಿನಂತೆ ಇದೆ ಎಂದು ಸುಳ್ಳು ಹೇಳುವುದಿಲ್ಲ, ಸಿನಿಮಾ ಕೋರ್ಟಿನಂತೆ ಇದೆ. ಸಾಕ್ಷಿ ಮಾತಾಡುತ್ತಾನೆ, ಕೈಲಿರುವ ಪುರಾವೆಗೆ ತಾಳೆಯಾಗದ ಒಂದು ವಾಕ್ಯ ಹಿಡಿದು ಬೆರಳು ಚಾಚಿ "ಅಬ್ಜೆಕ್ಷನ್!" ಅನ್ನಬೇಕು. ಮೇಜು ಗುದ್ದುವ ಆ ಸುಖಕ್ಕೆ, ಕಪ್ಪು ಕೋಟಿನ ಕ್ಲೈಮ್ಯಾಕ್ಸ್ ನೋಡಿ ಬೆಳೆದ ಕನ್ನಡಿಗನೇ ಬೇಕು. ಒಂದು ಕೇಸಿನಲ್ಲಿ ಫೀನಿಕ್ಸ್ ಗಿಣಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡುತ್ತಾನೆ. ಹೊರಗಿನವರಿಗೆ ಅದು ಹುಚ್ಚಾಟ. ನಮ್ಮಲ್ಲಿ ಗಿಣಿ ಫುಟ್‌ಪಾತಿನಲ್ಲಿ ಚೀಟಿ ಎತ್ತಿ ಮದುವೆ, ಪ್ರಮೋಷನ್ ಎಲ್ಲ ಹೇಳುವಾಗ ಒಂದು ಕೊಲೆಗೆ ಸಾಕ್ಷಿ ಹೇಳುವುದೇನು ಮಹಾ.

ಎಸ್ಟೋನಿಯಾದವರು 2019ರಲ್ಲಿ ಮಾಡಿದ 'ಡಿಸ್ಕೋ ಎಲಿಸಿಯಂ' ಬಗ್ಗೆ ನಾನು ಭಕ್ತಿಯಿಂದಲೇ ಮಾತಾಡಬೇಕು. ಕುಡಿದು ತನ್ನ ಹೆಸರನ್ನೂ ಮರೆತ ಪೊಲೀಸು. ಅವನ ತಲೆಯೊಳಗೆ 24 ದನಿಗಳು, ಒಂದೊಂದೂ ಒಂದೊಂದು ಸಲಹೆ ಕೊಡುತ್ತದೆ, ಹೆಚ್ಚಿನವು ಕೆಟ್ಟ ಸಲಹೆ. ಚಿಕ್ಕಪ್ಪಂದಿರು, ಸೋದರತ್ತೆಯರು, ಯಾರೋ ದೂರದ ಬೀಗರು ಸೇರಿ ಹುಡುಗನ ಮದುವೆ ನಿಶ್ಚಯಿಸುವಾಗ ಹುಡುಗನ ಪರಿಸ್ಥಿತಿ ಹೇಗಿರುತ್ತದೋ ಹಾಗೆ. ನಾನು ಅವನ ಪಾಲಿಗೆ ಬಂದ ಕೊಲೆಯೊಂದನ್ನು ಪತ್ತೆ ಹಚ್ಚಲು ಸಜ್ಜಾಗಿ ಕೂತೆ. ಮೊದಲ ಕೋಣೆಯಲ್ಲೇ, ತಿರುಗುವ ಫ್ಯಾನಿಗೆ ನೇತುಬಿದ್ದಿದ್ದ ನನ್ನ ಟೈ ಎಳೆಯಲು ಹೋಗಿ ಹೃದಯಾಘಾತವಾಗಿ ಸತ್ತೆ. ಚಪ್ಪಲಿ ಕೂಡ ಹಾಕಿಕೊಂಡಿರಲಿಲ್ಲ.

ಹೀಗಿರುವಾಗ ಲಾತ್ವಿಯಾದ ಅಣ್ಣತಮ್ಮಂದಿರಿಬ್ಬರು 2022ರಲ್ಲಿ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' ತಂದರು. ಕೊಲೆಯಾದ ಕ್ಷಣದಲ್ಲಿ ನಿಂತುಹೋದ ಚಿತ್ರ. ಜೇಬು, ಕಾಗದ, ಕಪಾಟು ಎಲ್ಲ ತಡಕಿ ಹೆಸರು, ಪದ ಹೆಕ್ಕಿಕೊಂಡು ಒಂದು ವಾಕ್ಯವೃಂದದಲ್ಲಿ ಬಿಟ್ಟ ಸ್ಥಳ ತುಂಬಬೇಕು. ಬಿಟ್ಟ ಸ್ಥಳ ತುಂಬಿ! ಒಂದು ಅಂಕದ ಪ್ರಶ್ನೆ! ಹತ್ತು ವರ್ಷ ಇದನ್ನೇ ಮಾಡಿಕೊಂಡು ಪಾಸಾದವನು ನಾನು. ತಪ್ಪು ಎರಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗೇಮು ಸೂಚನೆ ಕೊಡುತ್ತದೆ. ಕೊಟ್ಟದ್ದೇ ತಡ, ನಾನು ಯೋಚನೆ ನಿಲ್ಲಿಸಿ ಹೆಸರುಗಳನ್ನು ಅದಲುಬದಲು ಮಾಡತೊಡಗಿದೆ. ಕೊಲೆಗಾರ ಸಿಕ್ಕಿದ. ಯಾಕೆ ಕೊಂದ ಅಂತ ನನ್ನನ್ನು ಕೇಳಬೇಡಿ.

ಕೊನೆಗೆ ಒಂದು ಹಡಗು. ಲೂಕಾಸ್ ಪೋಪ್‌ನ 'ರಿಟರ್ನ್ ಆಫ್ ದಿ ಓಬ್ರಾ ಡಿನ್', 2018. 1802ರಲ್ಲಿ ಲಂಡನ್ ಬಿಟ್ಟ ಹಡಗು 1807ರಲ್ಲಿ ಜನರಿಲ್ಲದೆ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕ ಹಾಕುವ ಗುಮಾಸ್ತ ನಾವು. 60 ಜನ, ಪ್ರತಿಯೊಬ್ಬನ ಹೆಸರು, ಗತಿ ಬರೆಯಬೇಕು. ಯಾರೂ ನೆಟ್ಟಗೆ ಹೆಸರು ಹೇಳುವುದಿಲ್ಲ. ಬೂಟು, ಹಚ್ಚೆ, ಮಾತಿನ ಧಾಟಿ, ಮಲಗುವ ತೂಗುಹಾಸಿಗೆಯ ನಂಬರು ಇವುಗಳಿಂದ ಹಿಡಿಯಬೇಕು. ಮೂವರನ್ನು ಸರಿಯಾಗಿ ಬರೆದರೆ ಮಾತ್ರ ಕೈಬರಹ ಹೋಗಿ ಅಚ್ಚಿನಕ್ಷರ ಬರುತ್ತದೆ. ನಾನು ಇಪ್ಪತ್ತೇಳಕ್ಕೆ ನಿಂತು, ಉತ್ತರ ಹೇಳಿಕೊಡುವ ವಾಕ್‌ಥ್ರೂ ನೋಡಲೋ ಬೇಡವೋ ಎಂದು ಮೂರು ದಿನ ಒದ್ದಾಡುತ್ತಿದ್ದೆ. ಹಡಗಿನವರೆಲ್ಲ ಗುಂಪುಗುಂಪಾಗಿ ನಿಂತ ರೇಖಾಚಿತ್ರ ಪರದೆಯ ಮೇಲಿತ್ತು. ಅಮ್ಮ ಕಾಫಿ ತಂದವರು ನಿಂತರು.

"ಯಾರ ಮದುವೆ ಫೋಟೋನೋ ಇದು?"

"ಮದುವೆ ಅಲ್ಲಮ್ಮ. ಹಡಗಿನವರು. ಯಾರು ಯಾರು ಅಂತ ಹುಡುಕ್ಬೇಕು."

ಕನ್ನಡಕ ಏರಿಸಿದರು. "ಹೆಸರೇನು, ಏನ್ ಕೆಲ್ಸ, ಯಾವ ಕಡೆಯವರು, ಏನಾದ್ರೂ ಬರ್ದಿದ್ಯಾ?"

ಬರೆದಿತ್ತು. ಹಡಗಿನ ಪಟ್ಟಿಯಲ್ಲಿರುವ ಕಾಲಂಗಳು ಸರಿಯಾಗಿ ಅವೇ: ಹೆಸರು, ಕೆಲಸ, ದೇಶ. ಭಾರತದವರೂ ಇದ್ದಾರೆ ಅಂದಾಗ ಅಮ್ಮನಿಗೆ ಹುರುಪು ಬಂತು, ಕುರ್ಚಿ ಎಳೆದುಕೊಂಡರು. ಮದುವೆ ಆಲ್ಬಮ್ಮು ತೆರೆದರೆ ಅಮ್ಮ ನೋಡುವ ರೀತಿಯೇ ಬೇರೆ. ಯಾರು ಯಾರ ಪಕ್ಕ, ಯಾರ ಕೈ ಯಾರ ಹೆಗಲ ಮೇಲೆ, ಯಾರು ಕರೆಯದೆ ಬಂದು ಸಾಲಿನ ಕೊನೆಗೆ ಅಂಟಿಕೊಂಡವರು, ಎಲ್ಲ ಕಣ್ಣಿಗೆ ಬೀಳುತ್ತದೆ.

"ಇವ್ನು ಯಜಮಾನ ಅಲ್ಲ ಕಣೋ, ಯಜಮಾನನ ಆಳು. ನೋಡು, ಅವ್ನ ಹಿಂದೇನೇ ನಿಂತಿದಾನೆ, ಕರೆದ್ರೆ ಓಡೋ ಹಾಗೆ. ಈ ನಾಲ್ಕು ಜನ ಒಂದೇ ಊರಿನವ್ರು, ಬೇರೆ ಯಾರ ಜೊತೇನೂ ಸೇರಿಲ್ಲ. ಇವ್ನು ಹೊಸಬ."

ನಾನು ಬರೆದೆ. ಟಕ್, ಟಕ್, ಟಕ್, ಮೂರು ಹೆಸರು ಅಚ್ಚಾದವು.

ಕಾಫಿ ಆರುತ್ತಿತ್ತು. ಅಮ್ಮ ಚಿತ್ರದ ಮೂಲೆಯಲ್ಲಿದ್ದ ಎಳೇ ಮುಖವೊಂದನ್ನು ಬೆರಳಿಂದ ತೋರಿಸಿ ಕೇಳಿದರು, "ಲಕ್ಷಣವಾಗಿದಾನೆ. ಮದುವೆ ಆಗಿದ್ಯಾ ಈ ಹುಡುಗನಿಗೆ?"

"ಅಮ್ಮಾ, ಅವ್ನು ಸತ್ತು ಇನ್ನೂರು ವರ್ಷ ಆಯ್ತು."

"ಅಯ್ಯೋ ಪಾಪ," ಅಂದರು. ಒಂದು ಗಳಿಗೆ ಸುಮ್ಮನಿದ್ದು, "ಅವ್ನ ಪಕ್ಕದಲ್ಲಿರೋನು?"