36 ಯೂನಿಟ್ಟಿನ ಯಜಮಾನ

ಯುಗಾದಿಗೆ ಮುಂಚೆ ಮೈಸೂರಿನ ನಮ್ಮ ಮನೆ ತಾರಸಿಗೆ 3 ಕಿಲೋವ್ಯಾಟಿನ ಸೋಲಾರ್ ಬಂತು. ಅಂದೇ ರಾತ್ರಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಾಕಾರ ಹಾಕಿದೆ. ಹಗಲು 12 ಗಂಟೆ, 3 ಇಂಟು 12, ದಿನಕ್ಕೆ 36 ಯೂನಿಟ್! ತಕ್ಷಣ ಭಾವಮೈದುನನಿಗೆ ಫೋನ್ ಮಾಡಿ, "ಇನ್ಮೇಲೆ ಕರೆಂಟ್ ಬಿಲ್ಲು ನಾನು ಕಟ್ಟೋದಲ್ಲ ಕಣಯ್ಯ, ಅವರೇ ನನಗೆ ಕಟ್ಟಬೇಕು" ಎಂದೆ.

ಮೊದಲ ದಿನ ಸಂಜೆ ಇನ್ವರ್ಟರ್ ತೋರಿಸಿದ್ದು 12.4.

ಪ್ಯಾನೆಲ್ ಕೂರಿಸಿದ ಹುಡುಗನನ್ನು ಕರೆಸಿ ಗದರಿದೆ. "ಸಾರ್, ಬೈಕ್ ಕಂಪನಿಯವರು ಹೇಳೋ ಮೈಲೇಜು ನಿಮ್ಮ ಗಾಡಿ ಕೊಡುತ್ತಾ?" ಎಂದ. ಆ 3 ಕಿಲೋವ್ಯಾಟು ಲ್ಯಾಬಿನ ಲೆಕ್ಕವಂತೆ. ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಸುರಿಯಬೇಕು, ಒಳಗಿನ ಸೆಲ್ಲು ಮಾತ್ರ 25 ಡಿಗ್ರಿಯಲ್ಲಿ ತಣ್ಣಗಿರಬೇಕು. ಬಿಸಿಲಲ್ಲಿ ನಿಂತು ಬೆವರಬಾರದು ಅಂದ ಹಾಗೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲು, ಧೂಳು, ಕಾಗೆ ಪ್ರಸಾದ ಎಲ್ಲ ಕಳೆದರೆ ನಮ್ಮ ಕಡೆ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್.

ನಂಬದೆ ಏಪ್ರಿಲ್ ಮಧ್ಯಾಹ್ನ ಹತ್ತಿ ಹೋಗಿ ಪ್ಯಾನೆಲ್ಲಿಗೆ ಅಂಗೈ ಇಟ್ಟೆ. ದೋಸೆ ಕಾವಲಿ! ಅಂಥ ಬಿಸಿಲಲ್ಲಿ ಸೆಲ್ಲು 60 ಡಿಗ್ರಿ ದಾಟುತ್ತದೆ. 25ರ ಮೇಲೆ ಏರಿದ ಒಂದೊಂದು ಡಿಗ್ರಿಗೂ ಶೇಕಡಾ 0.35ರಷ್ಟು ಸೋರಿಕೆ. ತಣಿಸೋಣ ಎಂದು ಒಂದು ಬಕೆಟ್ ತಣ್ಣೀರು ಹೊತ್ತು ತಂದೆ. ಎತ್ತುವ ಮುಂಚೆ, ಯಾವ ಜನ್ಮದ ಪುಣ್ಯವೋ, ಹುಡುಗನಿಗೊಂದು ಫೋನ್ ಮಾಡಿದೆ. "ಬೇಡ ಸಾರ್, ಕಾದ ಗಾಜು ಬಿರುಕು ಬಿಡುತ್ತೆ!" ಎಂದು ಕಿರುಚಿದ. ನೀರನ್ನು ನನ್ನ ಕಾಲಿಗೇ ಸುರಿದುಕೊಂಡೆ. ಬರಿಗಾಲಲ್ಲಿ ಬಂದಿದ್ದೆ.

ಧನುರ್ಮಾಸದಲ್ಲಿ ಹೊಸ ಕಾಯಿಲೆ. ಮೂರು ಗಂಟೆ ದಾಟಿದರೆ ಉತ್ಪಾದನೆ ಕುಸಿಯುತ್ತಿತ್ತು. ಎರಡು ವಾರ ಇನ್ವರ್ಟರಿಗೆ ಶಾಪ ಹಾಕಿದೆ. ಒಣಗಿದ ಬಟ್ಟೆ ತರಲು ಹೋದ ನನ್ನವಳು ಮೇಲಿನಿಂದಲೇ ಕೂಗಿದಳು: "ರೀ, ಟ್ಯಾಂಕಿನ ನೆರಳು ಸೀದಾ ಪ್ಯಾನೆಲ್ ಮೇಲಿದೆ!" ಸೂರ್ಯ ದಕ್ಷಿಣಕ್ಕೆ ವಾಲಿದ್ದ. ಪ್ಯಾನೆಲ್ಲುಗಳನ್ನು ಒಂದೇ ಸರಕ್ಕೆ ಪೋಣಿಸಿರುವುದರಿಂದ ಒಂದಕ್ಕೆ ನೆರಳಾದರೆ ಸರಕ್ಕೇ ಪೆಟ್ಟು.

"ನೈಋತ್ಯದಲ್ಲೇ, ಎತ್ತರದಲ್ಲೇ ಟ್ಯಾಂಕ್ ಇರಬೇಕು ಅಂತ ಮೇಸ್ತ್ರಿ ಹತ್ರ ಜಗಳ ಆಡಿದ್ದು ಯಾರು?" ಎಂದಳು. ವಾಸ್ತು ಪುಸ್ತಕ ಇನ್ನೂ ನನ್ನ ದಿಂಬಿನ ಪಕ್ಕದಲ್ಲೇ ಇತ್ತು.

ಸಂಕ್ರಾಂತಿಗೆ ಭಾವಮೈದುನ ಫೋನ್ ಮಾಡಿದ. "ಏನು ಭಾವ, 36 ಬರ್ತಾ ಇದೆಯಾ?"

"ಬರ್ತಾ ಇದೆ" ಎಂದೆ. ಮೂರು ದಿನಕ್ಕೆ ಎಂದು ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಕಟ್ ಮಾಡಿದ್ದು ನಾನೇ.