ಅಲ್ಲಾಡದ ಆಟಗಾರ

ಬೊಂಬೆ ಮಾಡಿ ಹೆಸರು ಗಳಿಸಿದ ಚನ್ನಪಟ್ಟಣದಲ್ಲಿ ಕೂತು ‘ಆಟ ಆಡ್ಕಂಡು ಯಾವನ್ಲಾ ಉದ್ಧಾರ ಆಗಿರಾದು?’ ಎಂದು ಕೇಳುವ ಧೈರ್ಯ ನನ್ನ ಸೋದರಮಾವನಿಗೆ ಮಾತ್ರ ಉಂಟು. ಅದೂ ಆರ್‌ಸಿಬಿ ಜೆರ್ಸಿಯನ್ನು ಹೊಟ್ಟೆಯ ಮೇಲೆ ಎಳೆದೆಳೆದು ಬಿಡುತ್ತಾ.

ಇಂಥ ಮಾವಂದಿರು ನಿಮಗೂ ಸಿಕ್ಕಿರುತ್ತಾರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೋ ಮಾಗಡಿಯ ಟೀ ಅಂಗಡಿಯಲ್ಲೋ. ಬಸ್ಸಿಗೆ ಹತ್ತು ಹೆಜ್ಜೆ ಓಡಲಾರರು. ಕೊಹ್ಲಿ ಎರಡನೇ ರನ್ನಿಗೆ ಓಡದಿದ್ದರೆ ಬೈಯುತ್ತಾರೆ. ಗೆದ್ದರೆ ‘ಗೆದ್ದೋ’, ಸೋತರೆ ‘ಸೋತ್ರು’.

ಮಾವನ ವೈರಿ ಒಳಕೋಣೆಯಲ್ಲೇ ಇದ್ದಾನೆ: ಮಗ. ‘ಮಗಾ, ಬಿದ್ದೆ ಕಣೋ, ಬಂದು ರಿವೈವ್ ಮಾಡೋ’ ಎಂದು ಮೊಬೈಲಿಗೆ ಕೂಗುತ್ತಿರುತ್ತಾನೆ. ನಾಲ್ವರ ತಂಡ. ಇವನು ಇಲ್ಲಿ, ಮಿಕ್ಕವರು ರಾಮನಗರ, ಕನಕಪುರ, ಮಾಗಡಿಗೆ ಒಬ್ಬೊಬ್ಬರು, ಮುಖ ನೋಡಿದವರಲ್ಲ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ನಿಷೇಧಿಸಿದ ದಿನ ಮಾವ ಮೈಸೂರು ಪಾಕ್ ಹಂಚಿದ್ದರು. ಮರುವರ್ಷ ಅದೇ ಆಟ ಬಿಜಿಎಂಐ ಎಂದು ವೇಷ ಹಾಕಿ ಬಂದಾಗ ಹಂಚುವ ಸರದಿ ಮಗನದು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಮಾವನ ‘ಜಾಗ’ದ ನಂಬಿಕೆ. 2025ರ ಜೂನ್ 3, ಐಪಿಎಲ್ ಫೈನಲ್. ನೀರು ಕುಡಿಯಲು ಎದ್ದಿದ್ದೆ. ಪಂಜಾಬಿನ ಶ್ರೇಯಸ್ ಅಯ್ಯರ್ 1 ರನ್ನಿಗೆ ಔಟಾದಾಗ ನಾನು ಚೊಂಬು ಹಿಡಿದು ಅಡುಗೆಮನೆ ಹೊಸ್ತಿಲಲ್ಲಿದ್ದೆ.

‘ಅಲ್ಲೇ ನಿಂತ್ಕಳ್ಲಾ! ಅಲ್ಲಾಡ್‌ಬ್ಯಾಡ!’

ಮುಂದಿನ ಹತ್ತು ಓವರ್ ನಿಂತೇ ಇದ್ದೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಚೊಂಬು ಕೆಳಗಿಡಲಿಲ್ಲ, ಅಕಸ್ಮಾತ್ ನಿಜವಾಗಿದ್ದರೆ? ಅತ್ತೆ ಉಕ್ಕುವ ಹಾಲನ್ನು ದೂರದಿಂದಲೇ ನೋಡುತ್ತಿದ್ದರು. ಇಷ್ಟರ ನಡುವೆ ಟಿವಿಯ ಚಿತ್ರ ನಿಂತು ಚಕ್ರ ಗಿರಗಿರ ಸುತ್ತತೊಡಗಿತು. ಟಿವಿಗೆ ನೆಟ್ ಬರುತ್ತಿದ್ದದ್ದು ಮಗನ ಹಾಟ್‌ಸ್ಪಾಟಿನಿಂದ.

‘ನಿಲ್ಸ್ಲಾ ಆ ದರಿದ್ರ ಆಟವ! ಕೂತಲ್ಲೇ ಕೂತು ಆಡಾದೂ ಒಂದ್ ಆಟವಾ?’

‘ನಾನು ಹೆಬ್ಬೆಟ್ಟಾದ್ರೂ ಆಡುಸ್ತೀನಪ್ಪ. ನೀನು ರೆಪ್ಪೆನೂ ಆಡ್ಸಲ್ವಲ್ಲ!’

ಎಂದರೂ ಆಟ ಬಿಟ್ಟು ನೆಟ್ ಕೊಟ್ಟ. ಆರ್‌ಸಿಬಿ 6 ರನ್ನಿನಿಂದ ಗೆದ್ದಿತು. 18ನೇ ಸಲಕ್ಕೆ ಕಪ್. ಮಾವ ಅಳುತ್ತಾ ಹೇಳಿದರು: ತಾವು ಹುಡುಗರಾಗಿದ್ದಾಗ ಆಲೆ ಮರದ ಕಡ್ಡಿ ಕಡೆದು, ಅರಗಿನ ಬಣ್ಣ ಹಚ್ಚಿ ವಿಕೆಟ್ ಮಾಡಿಕೊಂಡು ಆಡುತ್ತಿದ್ದರಂತೆ. ಆ ಬಯಲು ಈಗ ಸೈಟುಗಳಾಗಿದೆ, ಜೊತೆಗಾರರು ಎಲ್ಲೆಲ್ಲೋ. ಹಾಗಾದರೆ ಟಿವಿ ಮುಂದೆ ಅವರು ಹುಡುಕುತ್ತಿದ್ದದ್ದು ಆ ‘ನಾವು’ ಇರಬೇಕು. ಒಳಕೋಣೆಯವನಿಗೆ ಅದು ಮೊಬೈಲಿನಲ್ಲಿ ಸಿಕ್ಕಿತ್ತು.

ಮರುದಿನ ವಿಜಯೋತ್ಸವಕ್ಕೆ ಬೆಂಗಳೂರಿನ ರೈಲು ಹತ್ತಲು ಹೊರಟಿದ್ದ ಮಾವ ಮಂಡಿನೋವಿಂದ ಉಳಿದರು. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂತು. ಮಾವ ಟಿವಿ ಆರಿಸಿ, ಜೆರ್ಸಿ ಕಳಚಿ, ಒಳಕೋಣೆಗೆ ಹೋಗಿ ಮಗನ ಪಕ್ಕ ಕೂತರು.

‘ಇದ್ರಲ್ಲಿ ಬಿದ್ದೋನ್ನ ಎಬ್ಬುಸ್ಬೋದಾ?’

‘ಹ್ಞೂ. ಜೊತೆಗಾರ ಬೇಗ ಬಂದ್ರೆ.’

‘ವಾಸಿ ಬುಡು.’

ಬಹಳ ಹೊತ್ತು ನೋಡಿದರು. ಬಾಗಿಲಲ್ಲಿ ನಿಂತಿದ್ದ ನಾನು ಮೆಲ್ಲಗೆ ಹೊರಟೆ. ಮಾವ ತಿರುಗದೆಯೇ ಗದರಿದರು:

‘ಅಲ್ಲೇ ನಿಂತ್ಕಳ್ಲಾ. ಹುಡ್ಗ ಗೆಲ್ಲಂಗವ್ನೆ.’