ಹತ್ತೊಂಬತ್ತು ಜನರ ಯಜಮಾನರು

ಪೀಣ್ಯದ ಯಾವ ಅಡ್ಡರಸ್ತೆಗೆ ಹೊಕ್ಕರೂ ಇವರು ಸಿಗುತ್ತಾರೆ. ಒಂದು ಶೆಡ್ಡು, ನಾಲ್ಕೈದು ಲೇತು, ಗಾಜಿನ ಕ್ಯಾಬಿನ್ನು, ಅದರೊಳಗೆ ಲಕ್ಷ್ಮಿಯ ಫೋಟೊ, ಪಕ್ಕದಲ್ಲೇ ಕನಿಷ್ಠ ವೇತನದ ಪಟ್ಟಿ. ಪಟ್ಟಿ ಕಾರ್ಮಿಕರ ಕಣ್ಣಿಗೆ ಬೀಳುವಂತಿರಬೇಕು ಅನ್ನುತ್ತದೆ ಕಾನೂನು. ಅಡ್ವಾನ್ಸ್ ಕೇಳಲು ಎಲ್ಲರೂ ಕ್ಯಾಬಿನ್ನಿಗೇ ಬರುತ್ತಾರಲ್ಲ, ಬೀಳದೆ ಎಲ್ಲಿಗೆ ಹೋದೀತು ಅನ್ನುತ್ತಾರೆ ಇವರು.

"ಎಷ್ಟು ಜನ ಕೆಲಸಕ್ಕಿದ್ದಾರೆ?" ಎಂದು ಯಾರು ಕೇಳಲಿ, ಯಾವ ವರ್ಷ ಕೇಳಲಿ, ಉತ್ತರ ಹತ್ತೊಂಬತ್ತು. ಇಪ್ಪತ್ತಾದರೆ ಪಿ.ಎಫ್. ಅಂಟಿಕೊಳ್ಳುತ್ತದೆ. ಆರ್ಡರ್ ಹೆಚ್ಚಿತು, ಮೆಷಿನ್ ಹೆಚ್ಚಿತು, ಪಕ್ಕದ ಶೆಡ್ಡೂ ಬಾಡಿಗೆಗೆ ಬಂತು. ಜನ ಮಾತ್ರ ಹತ್ತೊಂಬತ್ತು. ಇಪ್ಪತ್ತನೆಯವನಿಂದಾಚೆಗೆ ಎಲ್ಲರೂ ಮನೆಯವರ ಹೆಸರಿನಲ್ಲಿರುವ ಇನ್ನೊಂದು ಕಂಪನಿಯವರು. ಆ ಒಡತಿ ತಮ್ಮ ಕಂಪನಿಯನ್ನು ನೋಡುವುದು ಆಯುಧಪೂಜೆಯ ದಿನ, ಬೂದುಗುಂಬಳಕಾಯಿ ಒಡೆಯುವ ಹೊತ್ತಿಗೆ.

ಹಾಗೆಂದು ಕಾನೂನೆಂದರೆ ಇವರಿಗೆ ತಾತ್ಸಾರವೇನಿಲ್ಲ. ಏಪ್ರಿಲ್ ಬಂದು ತುಟ್ಟಿಭತ್ಯೆ ಏರಿದರೆ ಹಳೆಯ ಫ್ರೇಮಿಗೆ ಹೊಸ ಪಟ್ಟಿ ಬಂದೇ ಬರುತ್ತದೆ. 2019, 2020ರಲ್ಲಿ ಸಂಸತ್ತು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಪ್ಪಿದ ಮೇಲಂತೂ ದೊಡ್ಡ ಹೋಟೆಲುಗಳಲ್ಲಿ ನಡೆದ ಒಂದು ವಿಚಾರ ಸಂಕಿರಣವನ್ನೂ ತಪ್ಪಿಸಿಕೊಂಡವರಲ್ಲ. "ಬರುತ್ತೆ, ಬರುತ್ತೆ" ಅಂದರು ಭಾಷಣಕಾರರು. ಪ್ರತಿ ವರ್ಷವೂ ಬಂದದ್ದು ಊಟ, ಒಂದು ಫೈಲು, ಒಂದು ಪೆನ್ನು.

ಇವರ ಸೃಜನಶೀಲತೆ ಕಾಣಬೇಕಾದರೆ ಸಂಬಳದ ಚೀಟಿ ನೋಡಬೇಕು. ಮೂಲ ವೇತನ ಒಂದು ಮೂಲೆಯಲ್ಲಿ ಮುದುರಿಕೊಂಡಿರುತ್ತದೆ. ಉಳಿದದ್ದೆಲ್ಲ ಭತ್ಯೆ: ಮನೆ ಬಾಡಿಗೆಗೆ, ಓಡಾಟಕ್ಕೆ, ಬಟ್ಟೆ ಒಗೆಯುವುದಕ್ಕೆ. ಒಗೆಯುವ ಭತ್ಯೆ ನೋಡಿದರೆ ಆ ಕಾರ್ಮಿಕ ದಿನಕ್ಕೆರಡು ಸೂಟು ಡ್ರೈಕ್ಲೀನಿಂಗಿಗೆ ಕೊಡುತ್ತಿರಬೇಕು. ಅವನ ಮೈಮೇಲಿರುವುದು ಗ್ರೀಸು ಮೆತ್ತಿದ ಖಾಕಿ ಷರಟು. ವರ್ಷಕ್ಕೆ 15 ದಿನದ ವೇತನದಂತೆ ಕೊಡುವ ಗ್ರಾಚ್ಯುಟಿಗೆ ಮೂಲ ವೇತನ, ತುಟ್ಟಿಭತ್ಯೆ ಎರಡೇ ಲೆಕ್ಕವಾಗಿದ್ದ ಕಾಲದ ಕಲಾಕೃತಿ ಅದು.

2025ರ ನವೆಂಬರ್ 21ರಂದು ಹಳೆಯ 29 ಕಾಯ್ದೆಗಳ ಜಾಗಕ್ಕೆ ಆ ನಾಲ್ಕು ಸಂಹಿತೆಗಳು ನಿಜವಾಗಿಯೂ ಬಂದುಬಿಟ್ಟವು. ಪಿ.ಎಫ್. ಕನ್ಸಲ್ಟೆಂಟ್ ಬ್ಯಾಗು ತಬ್ಬಿಕೊಂಡು ಓಡಿಬಂದರು.

"ಸಾರ್, ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದ್ರೆ, ಮೀರಿದ್ದೆಲ್ಲ ವೇತನಕ್ಕೇ ಸೇರುತ್ತೆ."

"ಒಗೆಯೋದೂ?"

"ಒಗೆಯೋದೂ ಸಾರ್. ಆಮೇಲೆ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು."

ಯಜಮಾನರ ಮುಖ ಅರಳಿತು. ಕಾಗದ ಕೊಡುವುದಕ್ಕೇನು? ಅದೇ ವಾರ ಎಲ್ಲರ ಪತ್ರ ಟೈಪಾಯಿತು. 'ಕೆಲಸಕ್ಕೆ ಸೇರಿದ ದಿನಾಂಕ' ಎಂಬಲ್ಲಿ ಎಲ್ಲರಿಗೂ ಒಂದೇ: 21-11-2025. ಹೊಸ ಕಾನೂನಿಗೆ ಹೊಸ ತಾರೀಖು.

ಶೆಡ್ಡು ಶುರುವಾದ ದಿನದಿಂದಲೂ ಲೇತಿನ ಮುಂದಿದ್ದ ಮೇಸ್ತ್ರಿ ಕನ್ನಡಕ ಏರಿಸಿ ನಿಧಾನವಾಗಿ ಓದಿದ. ಜಗಳ ಮಾಡಲಿಲ್ಲ. ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಒಳ್ಳೇದಾಯ್ತು ಸಾರ್. ಹಾಗಾದ್ರೆ ಹೋದ ವರ್ಷ ಮಗಳ ಮದುವೆಗೆ ಅಡ್ವಾನ್ಸ್ ತಗೊಂಡೋನು ನಾನಲ್ಲ."

ಯಜಮಾನರು ಕೈ ಚಾಚಿ ಆ ಜೇಬಿನಿಂದಲೇ ಪತ್ರ ಎಳೆದುಕೊಂಡು ಕನ್ಸಲ್ಟೆಂಟ್ ಕಡೆ ತಿರುಗಿದರು: "ರೀ, ಇದಿನ್ನೂ ಡ್ರಾಫ್ಟ್ ಅಲ್ವೇನ್ರೀ?"